ಮಾತ್ರೆ ಡಬ್ಬಿ ತೆರೆಸಿ, ಆಮೇಲೆ ಪ್ರಶ್ನೆ ಕೇಳಿ

ಪ್ರಶ್ನೆ: ನಾನು ಸಾರ್ವಜನಿಕ ಆರೋಗ್ಯ ಓದುತ್ತಿದ್ದೇನೆ. ಜನ ಆಂಟಿಬಯೋಟಿಕ್ ಹೇಗೆ ಬಳಸುತ್ತಾರೆ ಎಂದು ತಿಳಿಯಲು ಪ್ರಶ್ನಾವಳಿ ಹಿಡಿದು ಮನೆಮನೆ ಸುತ್ತಿದೆ. ಹೆಚ್ಚಿನವರು ‘ಡಾಕ್ಟರ್ ಹೇಳಿದಷ್ಟು ದಿನ ಪೂರ್ತಿ ತಗೊಳ್ತೇವೆ’ ಎಂದರು. ಆದರೆ ಅದೇ ಮನೆಗಳ ಕಪಾಟಿನಲ್ಲಿ ಅರ್ಧ ಬಳಸಿದ ಸ್ಟ್ರಿಪ್‌ಗಳಿದ್ದವು. ಈಗ ಗುಣಾತ್ಮಕ ಅಧ್ಯಯನ, ಅಂದರೆ ಎಣಿಕೆ ಬಿಟ್ಟು ಜನರ ಮಾತು, ನಡವಳಿಕೆ, ಕಾರಣಗಳನ್ನು ಅರಿಯುವ ಅಧ್ಯಯನ ಮಾಡಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ? ಎಷ್ಟು ಜನರನ್ನು ಮಾತಾಡಿಸಿದರೆ ಸಾಕು?

ಉತ್ತರ: ಆ ಅರ್ಧ ಸ್ಟ್ರಿಪ್ ನಿಮ್ಮ ಕಣ್ಣಿಗೆ ಬಿತ್ತಲ್ಲ, ಅಲ್ಲಿಂದಲೇ ಶುರು ಮಾಡಿ.

ಜನ ಸುಳ್ಳು ಹೇಳಿದರು ಅಂತ ಮಾತ್ರ ಅಂದುಕೊಳ್ಳಬೇಡಿ. ‘ಪೂರ್ತಿ ತಗೊಳ್ತೀರಾ?’ ಎಂದು ಕೇಳಿದರೆ ಯಾವ ಉತ್ತರ ಕೊಟ್ಟರೆ ನಿಮಗೆ ಇಷ್ಟವಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ತಪ್ಪು ಇರೋದು ಪ್ರಶ್ನೆಯಲ್ಲಿ. ‘ಸಾಮಾನ್ಯವಾಗಿ ಏನು ಮಾಡ್ತೀರಿ’ ಎನ್ನುವುದನ್ನು ಬಿಡಿ. ‘ಕಳೆದ ಎರಡು ವಾರದಲ್ಲಿ ಮನೆಯಲ್ಲಿ ಯಾರಿಗಾದರೂ ಹುಷಾರಿರಲಿಲ್ವಾ? ಮೊದಲು ಏನು ಮಾಡಿದಿರಿ? ಆಮೇಲೆ?’ ಎಂದು ಒಂದೊಂದೇ ಹೆಜ್ಜೆ ಕೇಳುತ್ತಾ ಹೋಗಿ. ಎರಡು ವಾರಕ್ಕಿಂತ ಹಿಂದೆ ಹೋದರೆ ಸಣ್ಣಪುಟ್ಟ ಕಾಯಿಲೆಗಳು ನೆನಪಿನಿಂದ ಜಾರಿಬಿಡುತ್ತವೆ.

ಇದರ ಜೊತೆಗೆ, ಅವರು ಒಪ್ಪಿದರೆ, ಮನೆಯಲ್ಲಿರುವ ಔಷಧಿಗಳನ್ನೆಲ್ಲ ಮೇಜಿನ ಮೇಲಿಡಲು ಹೇಳಿ. ಒಂದೊಂದನ್ನೂ ಕೈಯಲ್ಲಿ ಹಿಡಿದು ಕೇಳಿ. ಇದು ಯಾರಿಗೆ ತಂದದ್ದು? ಯಾರು ಹೇಳಿದ್ದು? ಎಷ್ಟು ತಂದಿರಿ, ಯಾವಾಗ ನಿಲ್ಲಿಸಿದಿರಿ, ಉಳಿದದ್ದನ್ನು ಯಾಕೆ ಇಟ್ಟುಕೊಂಡಿರಿ? ನನಗೆ ಅತಿ ಇಷ್ಟವಾದ ವಿಧಾನ ಇದು. ಅಭಿಪ್ರಾಯ ಕೇಳಿದಾಗ ಒಂದೇ ಸಾಲು ಹೇಳಿದವರು, ಕೈಯಲ್ಲಿ ಸ್ಟ್ರಿಪ್ ಇದ್ದರೆ ಅರ್ಧ ಗಂಟೆ ಮಾತಾಡುತ್ತಾರೆ. ಜ್ವರ ಇಳಿಯಿತು ಎಂದು ನಿಲ್ಲಿಸಿದ್ದು, ಹೊಟ್ಟೆ ಕೆಟ್ಟಿತು ಎಂದು ಬಿಟ್ಟದ್ದು, ಮುಂದಿನ ಸಲ ದುಡ್ಡಿಲ್ಲದಿದ್ದರೆ ಇರಲಿ ಎಂದು ಎತ್ತಿಟ್ಟದ್ದು – ಮೂರೂ ಬೇರೆ ಬೇರೆ ಕಾರಣ. ಪ್ರಶ್ನಾವಳಿಯಲ್ಲಿ ಇವೆಲ್ಲ ‘ಪೂರ್ತಿ ತೆಗೆದುಕೊಂಡಿಲ್ಲ’ ಎಂಬ ಒಂದೇ ಗುರುತಾಗಿ ಉಳಿಯುತ್ತವೆ.

ಪದಗಳ ಬಗ್ಗೆ ಜಾಸ್ತಿ ಎಚ್ಚರ ಬೇಕು. ನಿಮ್ಮ ‘ಆಂಟಿಬಯೋಟಿಕ್’ ಅವರ ಮಾತಿನಲ್ಲಿ ಇಲ್ಲದೇ ಇರಬಹುದು. ಮಾತ್ರೆಯನ್ನು ಬಣ್ಣದಿಂದಲೋ, ‘ಪವರ್’ ಜಾಸ್ತಿ ಅಂತಲೋ, ವಾಸಿಮಾಡುವ ನೋವಿನಿಂದಲೋ ಕರೆಯುವವರು ಎಷ್ಟೋ ಜನ. ಮೊದಲ ಕೆಲವು ದಿನ ಅವರ ಪದಗಳನ್ನು ಕಲಿಯಲಿಕ್ಕೇ ಇಡಿ. ಹತ್ತಾರು ಔಷಧಿಗಳ ಖಾಲಿ ಪೊಟ್ಟಣಗಳನ್ನು ಮುಂದಿಟ್ಟು, ‘ಒಂದೇ ಥರದವನ್ನು ಒಟ್ಟಿಗೆ ಗುಡ್ಡೆ ಹಾಕಿ’ ಎನ್ನಿ. ನೋವಿನ ಮಾತ್ರೆ, ಆಂಟಿಬಯೋಟಿಕ್ ಎರಡೂ ಒಂದೇ ಗುಡ್ಡೆಗೆ ಬಿದ್ದರೆ, ಯಾಕೆ ಎಂದು ಕೇಳಿ. ಅವರು ಕೊಡುವ ಕಾರಣದಲ್ಲಿ ಎಷ್ಟೋ ವಿಷಯ ಇರುತ್ತದೆ.

ಗುಂಪು ಚರ್ಚೆಯನ್ನೂ ಮಾಡಬಹುದು, 6ರಿಂದ 10 ಜನ ಸಾಕು. ಆದರೆ ಅಲ್ಲಿ ಸಿಗುವುದು ಊರು ಒಪ್ಪುವ ಮಾತು, ಮನೆಯೊಳಗಿನ ನಡವಳಿಕೆ ಅಲ್ಲ. ಔಷಧಿ ಅಂಗಡಿಯಲ್ಲಿ ಏನು ನಡೆಯುತ್ತದೆ ಎಂದು ತಿಳಿಯಲು ಸುಮ್ನೆ ಒಂದು ಕಡೆ ಕೂತು ನೋಡುವುದೂ ಒಂದು ವಿಧಾನ. ಅಂಗಡಿಯವರ ಒಪ್ಪಿಗೆ ಬೇಕು. ಮೊದಲ ದಿನ ನೋಡಿದ್ದನ್ನು ಪೂರ್ತಿ ನಂಬಬೇಡಿ. ಯಾರೋ ನೋಡುತ್ತಿದ್ದಾರೆ ಎಂದರೆ ಎಲ್ಲರೂ ಸ್ವಲ್ಪ ಬದಲಾಗುತ್ತಾರೆ, ಅಲ್ವಾ? ನಾಲ್ಕೈದು ದಿನ ಕಳೆದರೆ ನಿಮ್ಮ ಇರುವಿಕೆ ಹಳೆಯದಾಗುತ್ತದೆ.

ಎಷ್ಟು ಜನ ಅನ್ನೋದಕ್ಕೆ ಒಂದೇ ಸಂಖ್ಯೆ ಇಲ್ಲ. ಹೊಸ ಸಂದರ್ಶನದಲ್ಲಿ ಹೊಸ ವಿಷಯ ಬರುವುದು ನಿಂತಾಗ ನಿಲ್ಲಿಸಬಹುದು. 2006ರಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನ 60 ಸಂದರ್ಶನಗಳನ್ನು ಪರಿಶೀಲಿಸಿ, ಮುಖ್ಯ ವಿಷಯಗಳಲ್ಲಿ ಹೆಚ್ಚಿನವು ಮೊದಲ 12ರಲ್ಲೇ ಬಂದಿದ್ದವು ಎಂದು ತೋರಿಸಿತು. ಆದರೆ ಅಲ್ಲಿ ಮಾತಾಡಿದವರೆಲ್ಲ ಸುಮಾರು ಒಂದೇ ಥರದವರು. ನಿಮ್ಮಲ್ಲಿ ಚಿಕ್ಕ ಮಕ್ಕಳ ತಾಯಂದಿರು, ವಯಸ್ಸಾದವರು, ಅಂಗಡಿಯವರು ಎಲ್ಲ ಇದ್ದರೆ ಪ್ರತಿ ಗುಂಪಿಗೂ ಬೇರೆ ಲೆಕ್ಕ. ಮುಖ್ಯವಾಗಿ, ಆ ದಿನದ ಟಿಪ್ಪಣಿಯನ್ನು ಅದೇ ರಾತ್ರಿ ಓದಿ. ಎಲ್ಲ ಸಂದರ್ಶನ ಮುಗಿಸಿ ಕೊನೆಗೆ ಓದಲು ಕೂತರೆ, ಕೇಳಬೇಕಿದ್ದ ಪ್ರಶ್ನೆ ಹೊಳೆಯುವಾಗ ತಡವಾಗಿರುತ್ತದೆ.

ಇನ್ನೊಂದು ಮಾತು. ನಾನು ಈ ಕೆಲಸಕ್ಕೆ ಹೊಸದಾಗಿ ಬಂದಾಗ ಆರೋಗ್ಯ ಕಾರ್ಯಕರ್ತೆಯೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದೆ. ಬಾಗಿಲು ಸಲೀಸಾಗಿ ತೆರೆಯುತ್ತಿತ್ತು, ಆದರೆ ಬಾಯಿ ತೆರೆಯುತ್ತಿರಲಿಲ್ಲ. ಬುದ್ಧಿ ಹೇಳುವವರ ಎದುರು ಯಾರು ತಾನೇ ‘ಮಧ್ಯದಲ್ಲೇ ಬಿಟ್ಟೆ’ ಎನ್ನುತ್ತಾರೆ? ಪರಿಚಯ ಮಾಡಿಸಲು ಮಾತ್ರ ಅವರು ಬರಲಿ, ಮಾತುಕತೆಗೆ ನೀವೊಬ್ಬರೇ ಕೂರಿ.

ಪ್ರಶ್ನೆ: ಸಂದರ್ಶನದ ನಡುವೆ ಮಗುವಿಗೆ ದೊಡ್ಡವರ ಮಾತ್ರೆ ಕೊಡುವುದನ್ನು ಕಂಡರೆ ಏನು ಮಾಡಬೇಕು? ಮಧ್ಯೆ ಬಾಯಿ ಹಾಕಿದರೆ ಅಧ್ಯಯನ ಕೆಡುತ್ತದೆಯಲ್ಲವೇ?

ಉತ್ತರ: ಕೆಡಲಿ. ಜೀವಕ್ಕೆ ಅಪಾಯ ಎಂದು ಕಂಡರೆ ಆ ಕ್ಷಣವೇ ಹೇಳಿ, ವೈದ್ಯರ ಬಳಿ ಕಳುಹಿಸಿ, ಮಧ್ಯೆ ಹೇಳಿದ್ದನ್ನೂ ಟಿಪ್ಪಣಿಯಲ್ಲಿ ಬರೆಯಿರಿ. ಅವಧಿ ಮೀರಿದ ಸಿರಪ್‌ನಂಥ ತುರ್ತಲ್ಲದ ವಿಷಯಗಳನ್ನು ಮಾತುಕತೆ ಮುಗಿದ ಮೇಲೆ, ಬೈದಂತೆ ಅನಿಸದ ಹಾಗೆ ತಿಳಿಸಿ. ಯಾವುದಕ್ಕೆ ತಕ್ಷಣ ಬಾಯಿ ಹಾಕಬೇಕು, ಯಾವುದಕ್ಕೆ ಕಾಯಬಹುದು ಎಂಬ ಪಟ್ಟಿಯನ್ನು ಮನೆಗಳಿಗೆ ಹೋಗುವ ಮೊದಲೇ ಮಾರ್ಗದರ್ಶಕರ ಜೊತೆ ಕೂತು ಮಾಡಿಕೊಳ್ಳಿ, ಅಧ್ಯಯನದಿಂದ ಜನರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವ ನೈತಿಕತಾ ಸಮಿತಿಗೆ (ಎಥಿಕ್ಸ್ ಕಮಿಟಿ) ಕೊಡುವ ಅರ್ಜಿಯಲ್ಲೂ ಸೇರಿಸಿ. ಮಗುವಿನ ಕೈಗೆ ಮಾತ್ರೆ ಹೋಗುತ್ತಿರುವಾಗ ಕೂತು ಯೋಚಿಸಲು ಸಮಯ ಇರುವುದಿಲ್ಲ.