ಸತು ಎಲ್ಲಿಗೆ ಮರಳುತ್ತದೆ?

ನಮಸ್ಕಾರ. ನೀರು ಬಳಸುವ ಸತುವಿನ ರೀಚಾರ್ಜೆಬಲ್ ಬ್ಯಾಟರಿ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು, ಕಾಗುಣಿತದ ತಪ್ಪೂ ಕಡಿಮೆ. ಇನ್ನು ಜಗಳಕ್ಕೆ ಬರುತ್ತೇನೆ.

ಶೀರ್ಷಿಕೆ ‘ನೀರಿನಿಂದ ಓಡುವ ಬ್ಯಾಟರಿ’. ನೀರು ಇಲ್ಲಿ ಸೀಮೆಎಣ್ಣೆಯಲ್ಲ ರೀ. ಜಿಂಕ್ ಸಲ್ಫೇಟ್ ಕರಗಿಸಿಕೊಂಡು ಅಯಾನುಗಳಿಗೆ, ಅಂದರೆ ವಿದ್ಯುದಾವೇಶ ಹೊತ್ತ ಕಣಗಳಿಗೆ, ದಾರಿ ಬಿಡುತ್ತದೆ, ಅಷ್ಟೇ. ಬೆಂಕಿ ಹತ್ತಿಕೊಳ್ಳೋದಿಲ್ಲ ಅನ್ನೋದು ಅದರ ಗುಣ. ಆದರೆ ಲೆಕ್ಕದ ಪ್ರಕಾರ 1.23 ವೋಲ್ಟ್ ದಾಟಿದರೆ ನೀರೇ ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯಬೇಕು. ಹಾಗಾದರೆ ಮನೆಯ ಯುಪಿಎಸ್‌ನ ಸೀಸದ ಬ್ಯಾಟರಿಯಲ್ಲಿ ಒಂದೊಂದು ಸೆಲ್ 2 ವೋಲ್ಟ್ ಹೇಗೆ ಕೊಡುತ್ತದೆ? ಸೀಸದ ಮೈಮೇಲೆ ಹೈಡ್ರೋಜನ್ ಹುಟ್ಟೋದು ತೀರಾ ನಿಧಾನ. ಪೂರ್ತಿ ನಿಲ್ಲೋದಿಲ್ಲ, ಅದಕ್ಕೇ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕುತ್ತೇವೆ. ಇಂಥದ್ದನ್ನು ಬಿಟ್ಟು ಎರಡು ಪುಟ ಪೆಟ್ರೋಲ್ ಬೆಲೆ ಬಗ್ಗೆ ಬರೆದಿದ್ದೀರಿ!

ನಿಜಕ್ಕೂ ಸಿಟ್ಟು ಬಂದದ್ದು ಮೂರನೇ ಪುಟದಲ್ಲಿ: ‘ಚಾರ್ಜ್ ಮಾಡಿದಾಗ ಸತುವು ಮೊದಲಿನ ಸ್ಥಿತಿಗೆ ಮರಳುತ್ತದೆ.’ ಅಷ್ಟು ನೆಟ್ಟಗೆ ಮರಳಿದ್ದರೆ ತೊಂದರೆ ಏನಿತ್ತು? ಬ್ಯಾಟರಿ ಬಳಸುವಾಗ ಸತುವಿನ ಪರಮಾಣು ಎರಡು ಎಲೆಕ್ಟ್ರಾನ್ ಬಿಟ್ಟು ನೀರಿಗಿಳಿಯುತ್ತದೆ. ಚಾರ್ಜ್ ಮಾಡಿದಾಗ ಲೋಹವಾಗಿ ವಾಪಸ್ ಬರುತ್ತದೆ, ಆದರೆ ಬಿಟ್ಟು ಹೋದ ಜಾಗಕ್ಕಲ್ಲ. ಎಲ್ಲಿ ಸ್ವಲ್ಪ ಉಬ್ಬಿದೆಯೋ ಅಲ್ಲೇ ಜಾಸ್ತಿ ಕೂರುತ್ತದೆ. ಉಬ್ಬು ಸೂಜಿಯಾಗುತ್ತದೆ, ಸೂಜಿ ನಡುವಿನ ಪರದೆ ತೂರಿದರೆ ಶಾರ್ಟ್. ಇದರ ಜೊತೆಗೆ ಸತುವಿನ ಮೇಲೆ ಹೈಡ್ರೋಜನ್ ಎದ್ದಲ್ಲೆಲ್ಲ ನೀರು ಕ್ಷಾರವಾಗುತ್ತದೆ, ಸತುವಿನದೇ ಒಂದು ಉಪ್ಪು ಹೊಪ್ಪಳೆಯ ಹಾಗೆ ಅದಕ್ಕೇ ಅಂಟಿಕೊಳ್ಳುತ್ತದೆ. ಇಷ್ಟೆಲ್ಲ ರಂಪವನ್ನು ‘ಮರಳುತ್ತದೆ’ ಎಂದು ಮುಗಿಸಿದ್ದೀರಿ.

ಮುಂದಿನ ಸಾಲು: ‘ಮ್ಯಾಂಗನೀಸ್ ಡೈಆಕ್ಸೈಡ್ ಬದಲಾಗದೆ ಉಳಿಯುತ್ತದೆ.’ ಅದೇ ತಾನೇ ಬ್ಯಾಟರಿಯ ಇನ್ನೊಂದು ತುದಿ? ಅದು ಬದಲಾಗದಿದ್ದರೆ ಸತು ಬಿಟ್ಟ ಎಲೆಕ್ಟ್ರಾನ್ ಯಾರ ಮನೆಗೆ ಹೋಯಿತು? ಅದೂ ಬದಲಾಗುತ್ತದೆ, ಸ್ವಲ್ಪ ಸ್ವಲ್ಪವೇ ನೀರಿಗೆ ಕರಗುತ್ತದೆ. ಅದನ್ನು ತಡೆಯಲು ಮೊದಲೇ ನೀರಿಗೆ ಮ್ಯಾಂಗನೀಸ್ ಸಲ್ಫೇಟ್ ಬೆರೆಸುತ್ತಾರೆ. 2016ರಲ್ಲಿ ಹೀಗೆ ಮಾಡಿದವರ ಸೆಲ್ ಚಾರ್ಜ್ ಮಾಡಿ ಖಾಲಿ ಮಾಡುವ 5,000 ಸುತ್ತು ಬಾಳಿತು.

ನಾನೂ ಇಂಥ ಸಾಲು ಬರೆದವನೇ. ಮಾಸಿಕವೊಂದರಲ್ಲಿ ಹೊಸದಾಗಿ ಸೇರಿದ್ದೆ. ಟಾರ್ಚ್ ಶೆಲ್ಲಿನ ಬಗ್ಗೆ ‘ಸತುವಿನ ಡಬ್ಬಿ ಕ್ರಮೇಣ ಸವೆಯುತ್ತದೆ’ ಎಂದು ಬರೆದಿದ್ದೆ. ಸಂಪಾದಕರು ಕನ್ನಡಕ ಇಳಿಸಿ, “ನೋಡಿದ್ದೀಯೇನಯ್ಯಾ?” ಎಂದರು. ಡ್ರಾಯರಿನಿಂದ ಸತ್ತ ಶೆಲ್ಲೊಂದನ್ನು ತೆಗೆದು ಕೈಗಿಟ್ಟರು. ಹಿಂದಿನ ಮೆಟ್ಟಿಲ ಮೇಲೆ ಕೂತು ಗರಗಸದಿಂದ ಕೊಯ್ದೆ. ಡಬ್ಬಿಯ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಕಾಗದದಷ್ಟು ತೆಳು. ಒಂದು ತೂತಿನಿಂದ ಬೆಳಕು ಕಾಣುತ್ತಿತ್ತು. ಒಳಗಿನ ಕಪ್ಪು ಪುಡಿ ಎರಡು ದಿನ ಉಗುರು ಬಿಡಲಿಲ್ಲ. ನಿಮ್ಮ ಬ್ಯಾಟರಿಯಲ್ಲಿರೋದೂ ಅದೇ ಜೋಡಿ ಅಲ್ವಾ, ಸತು ಮತ್ತು ಮ್ಯಾಂಗನೀಸ್ ಡೈಆಕ್ಸೈಡ್. ಲೇಖನ ತಿದ್ದಿ ಕೊಟ್ಟೆ. ಅವರು ಅರ್ಧ ಹೊಡೆದುಹಾಕಿದರು, ಆ ತೂತನ್ನು ಮಾತ್ರ ಉಳಿಸಿಕೊಂಡರು.

ಪೆಟ್ರೋಲಿನ ಎರಡು ಪುಟ ತೆಗೆಯಿರಿ. ಆ ಜಾಗದಲ್ಲಿ ಸೂಜಿ ಬೆಳೆಯೋದನ್ನು ಬರೆಯಿರಿ. 10ನೇ ತಾರೀಖಿನೊಳಗೆ ಬಂದರೆ ಮುಂದಿನ ಸಂಚಿಕೆಗೆ ನೋಡೋಣ.