ಮಗುವಿನ ರೆಪ್ಪೆ ಮೇಲಿನ ಗಂಟು ಚಲಾಜಿಯಾನ್ ಅಂದಿದ್ದಾರೆ, ಕ್ಯಾನ್ಸರ್ ಇರಬಹುದಾ?

ಆರು ವರ್ಷದ ಮಗಳ ಮೇಲ್ರೆಪ್ಪೆಯಲ್ಲಿ ಮೂರು ವಾರದಿಂದ ಬಟಾಣಿಯಷ್ಟು ಗಂಟಿದೆ, ಡಾಕ್ಟರು ಚಲಾಜಿಯಾನ್ ಅಂದರು, ಗೂಗಲ್ ನೋಡಿದ ಮೇಲೆ ನಿದ್ದೆ ಬರ್ತಿಲ್ಲ ಅಂತ ಕೇಳಿದ್ದೀರಿ. ಗಾಬರಿ ಬೇಡ. ರೆಪ್ಪೆಯೊಳಗಿನ ಎಣ್ಣೆ ಗ್ರಂಥಿ ಕಟ್ಟಿಕೊಂಡು ಆಗೋ ಗಂಟು ಅದು, ಮಕ್ಕಳಲ್ಲಿ ಬಹುಪಾಲು ಅದೇ ಆಗಿರುತ್ತೆ. ನನ್ನ ಮಗನದು ಆ ಬಹುಪಾಲಿಗೆ ಸೇರಲಿಲ್ಲ, ಅದಕ್ಕೇ ಬರೀತಿದ್ದೀನಿ.

ಆಗ ಅವನಿಗೆ ಏಳು ವರ್ಷ. ಎಡಗಣ್ಣಿನ ಮೇಲ್ರೆಪ್ಪೆ, ಮೂಗಿನ ಪಕ್ಕಕ್ಕೆ. ನಮ್ಮತ್ತೆ ಕಣ್ಕುಟಿಕೆ ಅಂದು ಬೆರಳನ್ನ ಅಂಗೈಗೆ ಉಜ್ಜಿ ಉಜ್ಜಿ ಕಾವು ಕೊಟ್ಟರು. ನಾನು ಕರ್ಚೀಫನ್ನ ಇಸ್ತ್ರಿಪೆಟ್ಟಿಗೆಯಲ್ಲಿ ಬಿಸಿ ಮಾಡಿ ಇಟ್ಟೆ. ನೋವಿಲ್ಲ, ಜ್ವರವಿಲ್ಲ. ಊರಿನ ಒಂದು ಕ್ಲಿನಿಕ್‌ನಲ್ಲಿ ಗಂಟು ಕೊಯ್ದು ಒಳಗಿನದನ್ನ ಕೆರೆದು ತೆಗೆದರು. ಅದನ್ನ ಲ್ಯಾಬಿಗೆ ಕಳಿಸಲಿಲ್ಲ. ಕಳಿಸಿ ಅಂತ ಕೇಳಬೇಕು ಅನ್ನೋದು ನನಗೂ ಗೊತ್ತಿರಲಿಲ್ಲ. ಹದಿನೈದೇ ದಿನಕ್ಕೆ ಮೊದಲಿಗಿಂತ ದೊಡ್ಡದಾಗಿ ಬಂತು. ಒಂದು ಬೆಳಿಗ್ಗೆ ಅವನ ತಲೆ ಬಾಚ್ತಾ ಕನ್ನಡಿ ನೋಡಿದರೆ ಎಡಗಣ್ಣು ಒಂಚೂರು ಕೆಳಗೆ, ಒಂಚೂರು ಮುಂದೆ. ಫೋನಲ್ಲಿದ್ದ ಯುಗಾದಿ ಫೋಟೊ ತೆಗೆದು ಅವನ ಮುಖದ ಪಕ್ಕ ಹಿಡಿದೆ. ಅವತ್ತೇ ಬೆಂಗಳೂರಿನ ಬಸ್ ಹತ್ತಿದೆವು.

ಎಂಆರ್‌ಐ, ಬಯಾಪ್ಸಿ ಆಯ್ತು. ರ‍್ಯಾಬ್ಡೊಮಯೊಸಾರ್ಕೋಮ ಅಂದರು. ಸ್ನಾಯು ಆಗಬೇಕಿದ್ದ ಎಳೆ ಜೀವಕೋಶಗಳು ಹಾದಿ ತಪ್ಪಿ ಆಗೋ ಗಡ್ಡೆ. ಅಪರೂಪವೇ, ಆದರೂ ಮಕ್ಕಳ ಕಣ್ಣುಗೂಡಿನಲ್ಲಿ ಹುಟ್ಟೋ ಕ್ಯಾನ್ಸರ್‌ಗಳಲ್ಲಿ ಇದೇ ಹೆಚ್ಚು. ಹಿಂದೆಲ್ಲ ಕಣ್ಣುಗೂಡನ್ನೇ ಬರಿದು ಮಾಡ್ತಿದ್ದರಂತೆ. ಈಗ ಕೀಮೋ, ರೇಡಿಯೇಷನ್ ಕೊಟ್ಟು ಕಣ್ಣು ಉಳಿಸ್ತಾರೆ. ಗಡ್ಡೆ ಅಲ್ಲಷ್ಟೇ ಇದ್ದಾಗ ಸಿಕ್ಕಿ, ಚಿಕಿತ್ಸೆ ಪೂರ್ತಿಯಾದರೆ 100ಕ್ಕೆ 90ರ ಆಸುಪಾಸು ಮಕ್ಕಳು ಬದುಕ್ತಾರೆ. ಕೀಮೋದಲ್ಲಿ ಕೊಡೋ ವಿನ್‌ಕ್ರಿಸ್ಟಿನ್ ಇಂಜೆಕ್ಷನ್‌ನಿಂದ ಪಾದದ ಬಲ ಹೋಗಿ ಹವಾಯಿ ಚಪ್ಪಲಿ ಕಾಲಿಂದ ಜಾರಿ ಜಾರಿ ಬೀಳ್ತಿತ್ತು. ಕೂದಲು ಹೋಗಿದ್ದಕ್ಕೆ ಅಳದವನು ಆ ಚಪ್ಪಲಿಗೆ ಅಳ್ತಿದ್ದ. ಈಗ ಹನ್ನೊಂದು. ರೇಡಿಯೇಷನ್‌ನಿಂದ ಆ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಆಗಿದೆ, ಕನ್ನಡಕ ಹಾಕ್ಕೊಂಡು ಓದ್ತಾನೆ.

ನೀವು ನೋಡಬೇಕಾದ್ದು ಗಂಟು ಬೆಳೆಯೋ ವೇಗ. ಚಲಾಜಿಯಾನ್ ಸಾಮಾನ್ಯವಾಗಿ ವಾರಗಟ್ಟಲೆ ಕೂತಲ್ಲೇ ಕೂತಿರುತ್ತೆ, ನನ್ನ ಮಗನಿಗೆ ಬಂದಂಥ ಗಡ್ಡೆ ದಿನದಿಂದ ದಿನಕ್ಕೆ ಬೆಳೆಯುತ್ತೆ. ನಾಲ್ಕು ದಿನಕ್ಕೊಮ್ಮೆ ಅದೇ ಕಿಟಕಿ ಬೆಳಕಲ್ಲಿ ಫೋಟೊ ತೆಗೀರಿ. ಗಂಟು ದೊಡ್ಡದಾದರೆ, ಕಣ್ಣು ಮುಂದೆ ಬಂದಂತೆ ಕಂಡರೆ, ರೆಪ್ಪೆ ಜೋತುಬಿದ್ದರೆ, ಎರಡೆರಡು ಕಾಣ್ತಿದೆ ಅಂದರೆ ಅವತ್ತೇ ದೊಡ್ಡ ಕಣ್ಣಾಸ್ಪತ್ರೆಗೆ ಹೋಗಿ. ಗಂಟು ತೆಗೀತೀವಿ ಅಂದರೆ, ತೆಗೆದದ್ದನ್ನ ಪರೀಕ್ಷೆಗೆ ಪೆಥಾಲಜಿ ಲ್ಯಾಬಿಗೆ ಕಳಿಸಿ ಅಂತ ಮೊದಲೇ ಹೇಳಿ. ಡಾಕ್ಟರು ಮುಖ ಸಿಂಡರಿಸಿದರೂ ಪರವಾಗಿಲ್ಲ, ರಿಪೋರ್ಟ್ ಕೈಗೆ ಬರೋವರೆಗೂ ಬಿಡಬೇಡಿ.