ಗಾಜು ಕರೆಂಟ್ ಬಿಡುವುದಿಲ್ಲ, ಹಾಗಿದ್ದರೆ ಕರಗಿದ ಉಪ್ಪಿನ ಬ್ಯಾಟರಿಯಲ್ಲಿ ಅದು ಸೆಪರೇಟರ್ ಆಗುವುದು ಹೇಗೆ?

ಸೆಪರೇಟರ್ ಅಂದರೆ ಬ್ಯಾಟರಿಯ ಪ್ಲಸ್, ಮೈನಸ್ ಭಾಗಗಳ ನಡುವಿನ ಗೋಡೆ. ಅದು ಅಯಾನುಗಳನ್ನು (ವಿದ್ಯುದಾವೇಶವಿರುವ ಪರಮಾಣುಗಳನ್ನು) ದಾಟಲು ಬಿಡಬೇಕು, ಎಲೆಕ್ಟ್ರಾನನ್ನು ಬಿಡಬಾರದು. ಗಾಜು ಎಲೆಕ್ಟ್ರಾನನ್ನು ಬಿಡುವುದಿಲ್ಲ, ನಿಜ. ನಮಗೆ ಬೇಕಾಗಿರುವುದೂ ಅದೇ. ಸೆಪರೇಟರ್ ಮೂಲಕ ಎಲೆಕ್ಟ್ರಾನು ನುಸುಳಿದರೆ ಬ್ಯಾಟರಿ ಒಳಗೇ ಶಾರ್ಟ್ ಆಗುತ್ತದೆ, ಅಲ್ವಾ? ಆದರೆ ಮಾಮೂಲಿ ಸೋಡಾ ಗಾಜಿನೊಳಗೆ ಸೋಡಿಯಂ ಅಯಾನುಗಳಿರುತ್ತವೆ. ಬಿಸಿ ಏರಿದಂತೆ ಅವು ಒಂದು ಜಾಗದಿಂದ ಪಕ್ಕದ ಜಾಗಕ್ಕೆ ಜಿಗಿಯತೊಡಗುತ್ತವೆ. ಜರ್ಮನ್ ಭೌತವಿಜ್ಞಾನಿ ಎಮಿಲ್ ವಾರ್ಬರ್ಗ್ ಇದನ್ನು 1884ರಲ್ಲೇ ತೋರಿಸಿದ್ದರು.

ನನಗೆ ಇದು ಸರಿಯಾಗಿ ಅರ್ಥವಾಗಿದ್ದು ಬಲ್ಬಿನ ಹಳೆಯ ಪ್ರಯೋಗದ ಬಗ್ಗೆ ಓದಿದಾಗ. ಸೋಡಿಯಂ ನೈಟ್ರೇಟ್ 308 ಡಿಗ್ರಿಗೆ ಕರಗುತ್ತದೆ. ಉರಿಯುತ್ತಿರುವ ಫಿಲಮೆಂಟ್ ಬಲ್ಬಿನ ಬುರುಡೆಯನ್ನು ಅದರಲ್ಲಿ ಮುಳುಗಿಸಿ, ಉಪ್ಪಿಗೆ ಪ್ಲಸ್, ಫಿಲಮೆಂಟಿಗೆ ಮೈನಸ್ ಕೊಟ್ಟರೆ, ಗಾಜು ದಾಟಿ ಬಂದ ಸೋಡಿಯಂ ಅಯಾನು ಫಿಲಮೆಂಟಿನಿಂದ ಹಾರಿಬಂದ ಎಲೆಕ್ಟ್ರಾನನ್ನು ಹಿಡಿದುಕೊಂಡು ಲೋಹವಾಗಿ, ಬಲ್ಬಿನೊಳಗೆ ತಣ್ಣಗಿರುವ ಕಡೆ ಕನ್ನಡಿಯ ಹಾಗೆ ಕೂರುತ್ತದೆ. ಗಾಜಿನಲ್ಲಿ ಒಂದು ತೂತೂ ಇಲ್ಲ! ಒಳಗೆ ಹೋದಷ್ಟು ಸೋಡಿಯಂ ಹೊರಗಿನ ಉಪ್ಪಿನಿಂದ ಗಾಜಿಗೆ ಮತ್ತೆ ತುಂಬಿಕೊಳ್ಳುತ್ತದೆ. (ಮನೆಯಲ್ಲಿ ಮಾಡಲು ಹೋಗಬೇಡಿ.)

ಹಾಗಾದರೆ ಎಲ್ಲರೂ ಗಾಜನ್ನೇ ಯಾಕೆ ಹಾಕುವುದಿಲ್ಲ? ಸೋಡಿಯಂ ಅಯಾನನ್ನು ಸಲೀಸಾಗಿ ಬಿಡುವ ಬೀಟಾ ಅಲ್ಯೂಮಿನಾ ಎಂಬ ಸೆರಾಮಿಕ್‌ಗೆ 300 ಡಿಗ್ರಿಯಲ್ಲಿ ಹೋಲಿಸಿದರೆ ಮಾಮೂಲಿ ಗಾಜಿನ ಅಯಾನು ವಾಹಕತೆ ಹೆಚ್ಚುಕಡಿಮೆ ಲಕ್ಷ ಪಟ್ಟು ಕಮ್ಮಿ. ಅದನ್ನು ಸರಿದೂಗಿಸಲು ಗಾಜು ತೀರಾ ತೆಳ್ಳಗಿರಬೇಕು. ಡೌ ಕೆಮಿಕಲ್ ಕಂಪನಿ ಸೋಡಿಯಂ-ಗಂಧಕ ಬ್ಯಾಟರಿಗೆ ಹಾಗೇ ಮಾಡಿತ್ತು, ಬೋರೇಟ್ ಗಾಜಿನ ಕೂದಲಿನಂಥ ಟೊಳ್ಳು ಎಳೆಗಳು, ಒಂದೆರಡಲ್ಲ, ಸಾವಿರಾರು. ಜಾಣ ಉಪಾಯವೇ, ಆದರೆ ಅಷ್ಟು ಎಳೆಗಳಲ್ಲಿ ಒಂದೂ ಮುರಿಯಬಾರದು ಅಂದರೆ ಕಷ್ಟ. ಇನ್ನೊಂದು, ಕರಗಿದ ಸೋಡಿಯಂ ಗಾಜಿನ ಸಿಲಿಕಾವನ್ನು ತಿನ್ನುತ್ತದೆ, ಗಾಜು ಕಂದು ಬಣ್ಣಕ್ಕೆ ತಿರುಗುತ್ತದೆ.

ನಿಮ್ಮ ಉಪ್ಪಿನಲ್ಲಿ ಬೇರೆ ಯಾವ ಅಯಾನು ಇದೆ ಅಂತಲೂ ನೋಡಿಕೊಳ್ಳಿ. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಲಿಥಿಯಂ ಇದ್ದರೆ ಅದು ಸೋಡಿಯಂ ಜಾಗಕ್ಕೆ ನುಗ್ಗುತ್ತದೆ. ಗಾತ್ರದಲ್ಲಿ ಚಿಕ್ಕದು, ಹಾಗಾಗಿ ಗಾಜಿನ ಮೇಲ್ಮೈ ಕುಗ್ಗಿ ಬಿರುಕು ಬಿಡುತ್ತದೆ. ಪೊಟ್ಯಾಸಿಯಂ ದೊಡ್ಡದು, ಅದು ಮೇಲ್ಮೈಯನ್ನು ಬಿಗಿಯಾಗಿಸುತ್ತದೆ. ಫೋನಿನ ಗಾಜನ್ನು ಗಟ್ಟಿ ಮಾಡುವುದು ಈ ಉಪಾಯದಿಂದಲೇ. ಆದರೆ ಸೆಪರೇಟರ್‌ನಲ್ಲಿ ಅದು ಒಳಗೊಳಗೇ ಹೋಗುತ್ತಿದ್ದರೆ ಗಾಜು ತಾಳುವುದಿಲ್ಲ.

ಅದಕ್ಕೇ ಸೋಡಿಯಂ-ನಿಕ್ಕಲ್ ಕ್ಲೋರೈಡ್ ಬ್ಯಾಟರಿಯಲ್ಲೂ ಸೆಪರೇಟರ್ ಬೀಟಾ ಅಲ್ಯೂಮಿನಾ ಕೊಳವೆಯೇ. ಗಾಜಿಗೆ ಅಲ್ಲಿ ಉಳಿದಿರುವ ಕೆಲಸ ಬೇರೆ: ಕೊಳವೆಯ ಬಾಯಿಗೆ ಆಲ್ಫಾ ಅಲ್ಯೂಮಿನಾ (ಅಯಾನನ್ನು ಬಿಡದ ಸೆರಾಮಿಕ್) ಉಂಗುರವನ್ನು ಸೋರದ ಹಾಗೆ ಅಂಟಿಸುವುದು.